ಹೆವಿ ಮೆಟಲ್ ಸಂಗೀತವೂ ಬೀಭತ್ಸ ರಸವೂ

ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ನವರಸಗಳ ಹೆಸರು ಕಂಠಪಾಠ. ಆದರೆ ಆ ಒಂಬತ್ತರಲ್ಲಿ ನಮ್ಮ ನಿಜವಾದ ಆದರಕ್ಕೆ ಪಾತ್ರವಾದವು ಶೃಂಗಾರ, ವೀರ, ಕರುಣ, ಶಾಂತ ಮುಂತಾದ ನಾಲ್ಕಾರು ಮಾತ್ರ. ಬೀಭತ್ಸ, ಭಯಾನಕಗಳು ಪಟ್ಟಿಯನ್ನು ಪೂರ್ತಿಗೊಳಿಸಲು ಸೇರಿಸಿದ ಹೆಸರುಗಳೆಂಬಂತೆ ಉಳಿದುಬಿಟ್ಟಿವೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆದುಹೋಗುವ ಭಾಗ ಬಂದಾಗ, ಅಲ್ಲಿಯ ಕರುಣವನ್ನು ಕುರಿತು ಎರಡು ತರಗತಿಗಳಷ್ಟು ಮಾತನಾಡಿ, ರಕ್ತಮಾಂಸಗಳ ವರ್ಣನೆಯನ್ನು ಎರಡು ನಿಮಿಷಗಳಲ್ಲಿ ದಾಟಿಬಿಡುವುದು ನಮ್ಮಂತಹ ಅಧ್ಯಾಪಕರ ವಾಡಿಕೆ.

ಹೀಗಿರುವಾಗ, ಈ ಎರಡು ರಸಗಳಿಗೇ ತನ್ನನ್ನು ಸಂಪೂರ್ಣವಾಗಿ ಒಪ್ಪಿಸಿಕೊಂಡ ಸಂಗೀತವೊಂದು ಅರ್ಧ ಶತಮಾನಕ್ಕೂ ಮಿಕ್ಕಿ ಬದುಕಿ ಬಂದಿದೆ ಎಂದರೆ ತಮ್ಮಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಹೆವಿ ಮೆಟಲ್ ಎಂದು ಅದರ ಹೆಸರು. ಅದರ ಉಗ್ರ ಶಾಖೆಗಳನ್ನು ಥ್ರ್ಯಾಷ್, ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್, ಗ್ರೈಂಡ್‌ಕೋರ್ ಎಂದು ವಿಂಗಡಿಸುತ್ತಾರೆ. ಹೊರಗಿನವರ ಕಿವಿಗೆ ಇವೆಲ್ಲವೂ ಒಂದೇ ಗದ್ದಲ. ಗದ್ದಲವೆಂದು ತಳ್ಳಿಹಾಕುವುದು ಸುಲಭವೂ ಹೌದು. ಆದರೆ ಈ ಸಂಗೀತದ ಚರಿತ್ರೆಯಲ್ಲಿ, ಕಾವ್ಯಮೀಮಾಂಸೆಯ ಅತಿ ಹಳೆಯ ಪ್ರಶ್ನೆಯೊಂದು ಪುಸ್ತಕದಿಂದ ಹೊರಬಂದು ಬೀದಿಯಲ್ಲಿ ನಿಂತಿತು. ಕಲೆಯಲ್ಲಿ ಕಾಣುವ ಹಿಂಸೆಗೂ ಲೋಕದಲ್ಲಿ ನಡೆಯುವ ಹಿಂಸೆಗೂ ನಡುವೆ ಗೆರೆ ಎಲ್ಲಿದೆ ಎಂಬುದೇ ಆ ಪ್ರಶ್ನೆ. ಅದಕ್ಕಾಗಿ ಇಬ್ಬರು ತರುಣರು ಕೊಲೆಗಾರರಾದರು, ಎಂಟು ಶತಮಾನಗಳಷ್ಟು ಹಳೆಯದೊಂದು ದೇವಾಲಯ ಬೂದಿಯಾಯಿತು. ಆ ಚರಿತ್ರೆಯನ್ನು, ಅದರ ಕೆಲವು ಮುಖ್ಯ ಧ್ವನಿಮುದ್ರಿಕೆಗಳ ಮೂಲಕ, ತಮ್ಮ ಮುಂದಿಡುವುದು ನನ್ನ ಉದ್ದೇಶ.

1965ರ ಸುಮಾರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗ ಕೆಲಸಕ್ಕಿದ್ದ. ಗಿಟಾರ್ ನುಡಿಸುವ ಹುಚ್ಚು. ವಾದ್ಯವೃಂದವೊಂದರೊಡನೆ ಪರದೇಶಕ್ಕೆ ಹೊರಡುವುದೆಂದು ನಿಶ್ಚಯವಾಗಿ, ಕೆಲಸ ಬಿಡುವ ಕೊನೆಯ ದಿನವೂ ಬಂದಿತ್ತು. ಆ ದಿನ ಬಾರದೆ ಉಳಿದ ಕೆಲಸಗಾರನೊಬ್ಬನ ಯಂತ್ರದ ಮುಂದೆ ಇವನನ್ನು ನಿಲ್ಲಿಸಿದರು. ಅಭ್ಯಾಸವಿಲ್ಲದ ಯಂತ್ರ, ಅದು ಅವನ ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿಯನ್ನು ತೆಗೆದುಕೊಂಡಿತು. ಅವನೋ ಎಡಗೈಯಿಂದ ಮೀಟುವವನು. ತಂತಿಗಳನ್ನು ಒತ್ತಬೇಕಾದದ್ದು ಆ ಬಲಗೈ ಬೆರಳುಗಳೇ. ಇನ್ನು ವಾದ್ಯ ಮುಗಿಯಿತೆಂದು ಕುಳಿತವನ ಬಳಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ತಟ್ಟೆಯನ್ನು ತಂದು ಕೇಳಿಸಿದ. ಅದು ಜ್ಯಾಂಗೋ ರೈನ್‌ಹಾರ್ಟ್ ಎಂಬ ಜಿಪ್ಸಿ ವಾದಕನ ಗಿಟಾರ್. ಬೆಂಕಿಯ ಅಪಘಾತದಲ್ಲಿ ಎಡಗೈಯ ಎರಡು ಬೆರಳುಗಳ ಬಲವನ್ನು ಕಳೆದುಕೊಂಡ ಮೇಲೂ ಆತ ಯೂರೋಪಿನ ಶ್ರೇಷ್ಠ ವಾದಕನಾಗಿ ಮೆರೆದವನು.

ಆ ಮೇಲ್ವಿಚಾರಕನ ಹೆಸರು ಚರಿತ್ರೆಯಲ್ಲಿ ದೊಡ್ಡದಾಗಿ ನಿಂತಿಲ್ಲ. ನಿಲ್ಲಬೇಕಾಗಿತ್ತು. ಅಯೋಮಿ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳ ತುದಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡ. ಅವುಗಳ ಮೇಲೆ ತೊಗಲನ್ನು ಅಂಟಿಸಿದ. ಬಿಗಿಯಾದ ತಂತಿಗಳನ್ನು ಒತ್ತಲು ನೋವಾಗುತ್ತದೆಂದು ತೆಳುವಾದ ತಂತಿಗಳನ್ನು ಹುಡುಕಿದ; ಮುಂದೆ ಶ್ರುತಿಯನ್ನೇ ಇಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಧ್ವನಿಮುದ್ರಿಕೆಯ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಅರ್ಧಸ್ವರಗಳಷ್ಟು ಕೆಳಗಿಳಿದಿದೆ. ಇಂದು ಲೋಕದಾದ್ಯಂತ ಈ ಸಂಗೀತದ ಲಕ್ಷಣವೆಂದು ಗುರುತಿಸುವ ಆ ತಗ್ಗಿದ, ತೂಕದ, ಮಣ್ಣಿನೊಳಗಿಂದ ಎದ್ದಂತಹ ನಾದ ಗಾಯಗೊಂಡ ಕೈಯೊಂದರ ಅನುಕೂಲಕ್ಕಾಗಿ ಹುಟ್ಟಿದ್ದು. ಸೈತಾನನಿಗೂ ಅದಕ್ಕೂ ಸಂಬಂಧವಿಲ್ಲ.

ಅಯೋಮಿ ಸೇರಿಕೊಂಡ ನಾಲ್ವರ ತಂಡಕ್ಕೆ ಬ್ಲ್ಯಾಕ್ ಸಬಾತ್ ಎಂಬ ಹೆಸರು ಬಂದದ್ದು ಬೋರಿಸ್ ಕಾರ್ಲೋಫ್ ನಟಿಸಿದ್ದ ಚಲನಚಿತ್ರವೊಂದರಿಂದ. ಹಣ ಕೊಟ್ಟು ಹೆದರಿಕೊಳ್ಳಲು ಜನ ಚಿತ್ರಮಂದಿರಕ್ಕೆ ಹೋಗುತ್ತಾರೆಂದ ಮೇಲೆ, ಹೆದರಿಸುವ ಸಂಗೀತವೂ ಏಕಿರಬಾರದು ಎಂಬುದು ಅವರ ತರ್ಕ. ಭರತಮುನಿಯ ಹೆಸರನ್ನೂ ಕೇಳದ ಆ ಹುಡುಗರು ಭಯಾನಕ ರಸದ ಸೂತ್ರವನ್ನು ಅಷ್ಟರಲ್ಲೇ ಹೇಳಿ ಮುಗಿಸಿದ್ದರು. ಲೋಕದಲ್ಲಿ ಭಯ ದುಃಖಕರ; ರಂಗದ ಮೇಲೆ ಅದೇ ಆಸ್ವಾದ್ಯ. ಹಾಡುಗಾರ ಓಜಿ ಆಸ್ಬರ್ನ್ ಹಿಂದೆ ಕಸಾಯಿಖಾನೆಯಲ್ಲಿ ದುಡಿದಿದ್ದವನು; ಬೀಭತ್ಸವನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯ ಅವನಿಗಿರಲಿಲ್ಲ.

ಅವರ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರಂದು, ಅಂದರೆ ಆ ಜನ ಅಶುಭವೆಂದು ಭಾವಿಸುವ ಹದಿಮೂರನೆಯ ತಾರೀಖಿನ ಶುಕ್ರವಾರದಂದೇ, ಹೊರಬಂದಿತು. ಹೆಚ್ಚುಕಡಮೆ ಒಂದೇ ದಿನದಲ್ಲಿ ಮುದ್ರಿಸಿದ್ದು. ಮೊದಲು ಮಳೆಯ ಸದ್ದು, ಗುಡುಗು, ದೂರದಲ್ಲೊಂದು ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರಗಳು, ನಿಧಾನವಾಗಿ, ಮತ್ತೆ ಮತ್ತೆ. ಷಡ್ಜ, ಅದರ ತಾರಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರವನ್ನು ಪಾಶ್ಚಾತ್ಯ ಸಂಗೀತಶಾಸ್ತ್ರಜ್ಞರು ಹಿಂದೆ ಸಂಗೀತದೊಳಗಿನ ಸೈತಾನನೆಂದು ಕರೆದರು. ಮಧ್ಯಯುಗದ ಇಗರ್ಜಿ ಇದನ್ನು ನಿಷೇಧಿಸಿತ್ತೆಂಬ ಕತೆಯನ್ನು ಇಂದಿಗೂ ಹೇಳುತ್ತಾರೆ, ಅದಕ್ಕೆ ಆಧಾರವಿಲ್ಲ. ನಮ್ಮಲ್ಲಿಯಾದರೋ ಎಪ್ಪತ್ತೆರಡು ಮೇಳಕರ್ತಗಳಲ್ಲಿ ಉತ್ತರಾರ್ಧದ ಮೂವತ್ತಾರೂ ಪ್ರತಿಮಧ್ಯಮದವೇ. ಮದುವೆಯ ಮನೆಯಲ್ಲಿ ಕಲ್ಯಾಣಿ ರಾಗವನ್ನು ಬಾರಿಸುವ ನಾಗಸ್ವರದವರಿಗೆ ತಾವು ಸೈತಾನನನ್ನು ಕರೆಯುತ್ತಿದ್ದೇವೆಂದು ಹೇಳಿದರೆ ಏನಾದೀತು! ಭಯವಿರುವುದು ಸ್ವರದಲ್ಲಲ್ಲ, ಅದನ್ನು ಬಳಸಿದ ರೀತಿಯಲ್ಲಿ ಎಂಬುದು ಇದರಿಂದ ಸ್ಪಷ್ಟ.

ವಿಮರ್ಶಕರು ಈ ಧ್ವನಿಮುದ್ರಿಕೆಯನ್ನು ಹೀನಾಯವಾಗಿ ಕಂಡರು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಬರೆದ ವಿಮರ್ಶೆಯಲ್ಲಿ ತಿರಸ್ಕಾರವಲ್ಲದೆ ಬೇರೇನೂ ಇರಲಿಲ್ಲ. ಅದೇ ಪತ್ರಿಕೆ 2017ರಲ್ಲಿ ಈ ಪ್ರಕಾರದ ನೂರು ಶ್ರೇಷ್ಠ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಮಾಡಿದಾಗ ಮೊದಲ ಸ್ಥಾನವನ್ನು ಕೊಟ್ಟದ್ದು ಇದೇ ತಂಡದ ಎರಡನೆಯ ಕೃತಿ ‘ಪ್ಯಾರನಾಯ್ಡ್’ಗೆ. ನಲವತ್ತೇಳು ವರ್ಷ! ನಮ್ಮ ಪತ್ರಿಕೆಗಳ ವಿಮರ್ಶಕರೂ ಇದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು. ನನ್ನ ಮಟ್ಟಿಗೆ ಹೇಳುವುದಾದರೆ ‘ಪ್ಯಾರನಾಯ್ಡ್’ ಗಿಂತಲೂ ‘ಮಾಸ್ಟರ್ ಆಫ್ ರಿಯಾಲಿಟಿ’ ಮೇಲಾದ ಕೃತಿ. ಮೊದಲಿನದರಲ್ಲಿ ಯುದ್ಧಕೋರ ಪ್ರಭುಗಳ ಮೇಲಿನ ಸಿಟ್ಟು ಇದೆ, ಒಳ್ಳೆಯ ಸಿಟ್ಟು. ಎರಡನೆಯದರಲ್ಲಿ ಸಿಟ್ಟೆಲ್ಲ ನಾದದೊಳಕ್ಕೇ ಇಳಿದುಹೋಗಿದೆ.

ಮುಂದಿನ ಹತ್ತು ವರ್ಷಗಳ ವಿಷಯವನ್ನು ಬೇಗ ದಾಟೋಣ. ಹೆವಿ ಮೆಟಲ್ ಜನಪ್ರಿಯವಾಯಿತು, ಹಣ ಮಾಡಿತು, ಮೆತ್ತಗೂ ಆಯಿತು. ಅದಕ್ಕೆ ಬೇಸತ್ತ ಹುಡುಗರು 1980ರ ಸುಮಾರಿಗೆ ಇನ್ನಷ್ಟು ವೇಗದ, ಇನ್ನಷ್ಟು ಒರಟಾದ ನಾದವನ್ನು ಹುಡುಕಿ ಹೊರಟರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೆನಮ್ ಎಂಬ ಮೂವರ ತಂಡ 1982ರಲ್ಲಿ ‘ಬ್ಲ್ಯಾಕ್ ಮೆಟಲ್’ ಎಂಬ ಧ್ವನಿಮುದ್ರಿಕೆಯನ್ನು ತಂದಿತು. ವಾದನ ಸಾಧಾರಣ, ಸೈತಾನನ ಹೆಸರು ಧಾರಾಳ, ಅದೆಲ್ಲ ಬರಿಯ ನಾಟಕವೆಂದು ಅವರೇ ಒಪ್ಪಿಕೊಂಡಿದ್ದರು. ಸ್ವೀಡನ್ನಿನಲ್ಲಿ ಕ್ವಾರ್ಥನ್ ಎಂಬ ತರುಣ ಬಾಥೊರಿ ಎಂಬ ಹೆಸರಿನಲ್ಲಿ 1984ರಿಂದ ಮುದ್ರಿಸತೊಡಗಿದ. ಬಡತನದ ಮುದ್ರಣ, ಕಿರುಚುವ ಕಂಠ, ಆದರೆ ಚಳಿಗಾಲದ ಕಾಡಿನಲ್ಲಿ ಬಿರುಗಾಳಿ ಎದ್ದಂತಹ ಒಂದು ವಾತಾವರಣ ಅದರಲ್ಲಿತ್ತು. ವೆನಮ್ ಹೆಸರನ್ನು ಕೊಟ್ಟಿತು, ಬಾಥೊರಿ ಉಸಿರನ್ನು ಕೊಟ್ಟಿತು.

ಇವುಗಳನ್ನು ದೊಡ್ಡ ಅಂಗಡಿಗಳು ಮಾರುತ್ತಿರಲಿಲ್ಲ, ವೃತ್ತಪತ್ರಿಕೆಗಳು ವಿಮರ್ಶಿಸುತ್ತಿರಲಿಲ್ಲ. ಹಾಗಾದರೆ ಇವು ಹರಡಿದ್ದು ಹೇಗೆ? ಅಂಚೆಯ ಮೂಲಕ. ನಾರ್ವೆಯ ಹುಡುಗ ಬ್ರೆಜಿಲಿನ ಹುಡುಗನಿಗೆ ಕ್ಯಾಸೆಟ್ ಕಳುಹಿಸುವನು. ಅವನು ತನ್ನೂರಿನದನ್ನು ಹಿಂದಿರುಗಿಸುವನು. ಜೊತೆಗೆ ಕೈಯಿಂದ ಬರೆದು ನಕಲು ತೆಗೆದ ಪುಟ್ಟ ಪತ್ರಿಕೆಗಳು. ಯಾವುದು ಒಳ್ಳೆಯದು, ಯಾವುದು ಠಕ್ಕು, ಯಾವ ತಂಡ ಹಣಕ್ಕೆ ಮಾರಿಕೊಂಡಿತು ಎಂಬ ತೀರ್ಪುಗಳೆಲ್ಲ ಆ ಪುಟಗಳಲ್ಲೇ. ಅಂಚೆ ಚೀಟಿಯ ಮೇಲೆ ಅಂಟು ಸವರಿ ಕಳುಹಿಸಿದರೆ, ಪಡೆದವನು ಅಂಚೆಯ ಮುದ್ರೆಯನ್ನು ತೊಳೆದು ಅದೇ ಚೀಟಿಯನ್ನು ಮತ್ತೆ ಬಳಸಬಹುದಾಗಿತ್ತು. ಈ ಕಾನೂನುಬಾಹಿರ ಮಿತವ್ಯಯವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಕಲಾಪ್ರಕಾರದ ರಸಿಕರೇ ಅದರ ಪ್ರಕಾಶಕರೂ ವಿಮರ್ಶಕರೂ ಆಗಿ ನಿಂತ ಇಂತಹ ಉದಾಹರಣೆ ವಿರಳ. ಆ ಪುಟ್ಟ ಪತ್ರಿಕೆಗಳಲ್ಲಿ ಕಾಗುಣಿತ ತಪ್ಪಿರುತ್ತಿತ್ತು, ಭಾಷೆ ಒರಟಾಗಿರುತ್ತಿತ್ತು. ಕಿವಿ ಮಾತ್ರ ಬಹುಮಟ್ಟಿಗೆ ಸರಿಯಾಗಿತ್ತು.

ಬಾನುಲಿಯ ಪಾತ್ರವನ್ನೂ ಬಾನುಲಿಯಲ್ಲಿ ಮಾತನಾಡುವವನು ಮರೆಯಬಾರದು. ಬಿ.ಬಿ.ಸಿ.ಯ ಜಾನ್ ಪೀಲ್ ಎಂಬ ಪ್ರಸಾರಕರು ವಯಸ್ಸಿನಲ್ಲಿ ಐವತ್ತನ್ನು ಸಮೀಪಿಸಿದ್ದಾಗಲೂ, ನೇಪಾಮ್ ಡೆತ್ ಎಂಬ ಬರ್ಮಿಂಗ್‌ಹ್ಯಾಮ್ ಕಡೆಯ ತಂಡವನ್ನು 1987ರಲ್ಲಿ ಕರೆಸಿ ನುಡಿಸಿದರು. ಆ ತಂಡದ ಮೊದಲ ಧ್ವನಿಮುದ್ರಿಕೆ ‘ಸ್ಕಮ್’ನಲ್ಲಿ ಒಂದು ಹಾಡು ಇರುವುದು ಕೇವಲ ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಲೋಕದ ಅತ್ಯಂತ ಚಿಕ್ಕ ಹಾಡೆಂದು ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿತು. ಇದನ್ನು ಹಾಸ್ಯವೆಂದು ನಗಬಹುದು. ಆದರೆ ಅದೇ ಧ್ವನಿಮುದ್ರಿಕೆ ಬಹುರಾಷ್ಟ್ರೀಯ ಕಂಪನಿಗಳನ್ನು ಕುರಿತ ರೋಷದಿಂದ ಮೊದಲಾಗುತ್ತದೆ. ಅಲ್ಲಿರುವುದು ರೌದ್ರ, ಬೀಭತ್ಸವಲ್ಲ. ಅದರ ಕಿರುಚಾಟದ ಹಿಂದೆ ನೀತಿವಂತನೊಬ್ಬ ನಿಂತಿದ್ದಾನೆ.

ಅಮೆರಿಕದ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ ಬಗ್ಗೆ ಅಷ್ಟು ನಿರಾಳವಾಗಿ ಹೇಳಲಾರೆ. 1986ರಲ್ಲಿ ಬಂದ ಇದರಲ್ಲಿ ಹತ್ತು ಹಾಡುಗಳು; ಎಲ್ಲ ಸೇರಿ ಇಪ್ಪತ್ತೊಂಬತ್ತು ನಿಮಿಷ. ಕ್ಯಾಸೆಟ್ಟಿನ ಒಂದು ಬದಿಗೇ ಪೂರ್ತಿ ಕೃತಿ ಹಿಡಿಸುತ್ತಿದ್ದುದರಿಂದ ಎರಡೂ ಬದಿಗೆ ಅದನ್ನೇ ತುಂಬಿ ಮಾರಿದರು. ವಾದನದ ಕೌಶಲದಲ್ಲಿ, ಅನವಶ್ಯಕವಾದದ್ದನ್ನೆಲ್ಲ ಕತ್ತರಿಸಿಹಾಕಿದ ಬಿಗಿಯಲ್ಲಿ ಈ ಪ್ರಕಾರದ ಯಾವ ಕೃತಿಯೂ ಇದನ್ನು ಮೀರಿಸಿಲ್ಲ. ಆದರೆ ಅದರ ಮೊದಲ ಹಾಡು ಔಶ್ವಿತ್ಸ್ ಶಿಬಿರದಲ್ಲಿ ಮನುಷ್ಯರ ಮೇಲೆ ಪ್ರಯೋಗ ನಡೆಸಿದ ನಾಜಿ ವೈದ್ಯ ಮೆಂಗೆಲನನ್ನು ಕುರಿತದ್ದು. ಅವನ ಕೃತ್ಯಗಳನ್ನು ಒಂದೊಂದಾಗಿ ಹೇಳುತ್ತದೆ. ಖಂಡಿಸುವ ಮಾತನ್ನು ಎಲ್ಲಿಯೂ ಆಡುವುದಿಲ್ಲ. ಕೊಲಂಬಿಯಾ ಸಂಸ್ಥೆ ಇದನ್ನು ವಿತರಿಸಲು ಒಪ್ಪಲಿಲ್ಲ, ಇನ್ನೊಂದು ಸಂಸ್ಥೆ ಒಪ್ಪಿಕೊಂಡಿತು. ಇಂತಹವನು ದುಷ್ಟನೆಂದು ಬಾಯಿಬಿಟ್ಟು ಹೇಳಬೇಕೇ ಎಂಬುದು ತಂಡದವರ ಸಮರ್ಥನೆ. ಇದು ಪೂರ್ತಿ ತಳ್ಳಿಹಾಕುವ ಮಾತಲ್ಲ. ಆದರೂ ನಿಜವಾಗಿ ಸತ್ತವರ ಹೆಸರಿನಲ್ಲಿ ಕೇಳುಗನ ಮೈ ನವಿರೇಳಿಸುವಾಗ ಕವಿಗೆ ಒಂದು ಸಾಲವಿರುತ್ತದೆ. ಈ ಹಾಡು ಆ ಸಾಲವನ್ನು ತೀರಿಸಿಲ್ಲ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಎದುರಾಗಿ ಫ್ಲಾರಿಡಾದ ಚಕ್ ಶುಲ್ಡಿನರ್‌ನನ್ನು ಇಡಬೇಕು. ಡೆತ್ ಎಂಬ ತಂಡವನ್ನು ಕಟ್ಟಿ 1987ರಲ್ಲಿ ಅವನು ತಂದ ಮೊದಲ ಧ್ವನಿಮುದ್ರಿಕೆಯ ತುಂಬ ಹೆಣ, ಕರುಳು, ರಕ್ತ. ಹದಿಹರೆಯದ ಹುಡುಗ ಅಗ್ಗದ ಭಯಾನಕ ಚಿತ್ರಗಳಿಂದ ಆರಿಸಿಕೊಂಡ ಸರಕು. ಆದರೆ ಅಲ್ಲಿಂದ ನಾಲ್ಕು ವರ್ಷಗಳಲ್ಲಿ, 1991ರ ‘ಹ್ಯೂಮನ್’ ಹೊತ್ತಿಗೆ, ಅವನ ಕಣ್ಣು ಹೆಣದಿಂದ ಮೇಲೆದ್ದು ಬದುಕಿರುವ ಮನುಷ್ಯನ ಮೇಲೆ ಬಿದ್ದಿತ್ತು. ಲಯದ ಜಟಿಲತೆಯಲ್ಲಿಯೂ ಅದು ಬೇರೆಯೇ ಮಟ್ಟದ ಕೃತಿ. ಬೀಭತ್ಸದಿಂದ ಹೊರಟು ಕರುಣಕ್ಕೆ ಬಂದು ಮುಟ್ಟಿದ ಈ ತರುಣ ಮಿದುಳಿನ ಗೆಡ್ಡೆಯಿಂದ 2001ರ ಡಿಸೆಂಬರಿನಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಬದುಕಿದ್ದರೆ ಇನ್ನೇನು ಮಾಡುತ್ತಿದ್ದನೋ.

ಈಗ ನಾರ್ವೆಗೆ ಬರೋಣ. ನನ್ನ ಮಾತಿನ ಮುಖ್ಯ ಭಾಗ ಇದೇ.

1984ರಲ್ಲಿ ಓಸ್ಲೋ ನಗರದ ಹೊರವಲಯದ ಕೆಲವು ಹುಡುಗರು ಮೇಹೆಮ್ ಎಂಬ ತಂಡವನ್ನು ಕಟ್ಟಿದರು. ಅದರ ಗಿಟಾರ್ ವಾದಕ ಒಯ್‌ಸ್ಟೈನ್ ಓರ್ಸೆತ್. ಯೂರಾನಿಮಸ್ ಎಂದು ಹೆಸರಿಟ್ಟುಕೊಂಡಿದ್ದ. 1991ರಲ್ಲಿ ಅವನು ಓಸ್ಲೋದಲ್ಲಿ ‘ಹೆಲ್ವೆತೆ’, ಎಂದರೆ ನರಕ, ಎಂಬ ಹೆಸರಿನ ಧ್ವನಿಮುದ್ರಿಕೆಗಳ ಅಂಗಡಿಯನ್ನು ತೆರೆದ. ಅದರ ಸುತ್ತ ತರುಣರ ಒಂದು ಗುಂಪು ಕೂಡಿತು. ಈ ಗುಂಪಿಗೆ ಫ್ಲಾರಿಡಾದವರ ಮೇಲೆ, ನೆರೆಯ ಸ್ವೀಡನ್ನಿನ ಡೆತ್ ಮೆಟಲ್ ತಂಡಗಳ ಮೇಲೆ ಒಂದು ದೊಡ್ಡ ದೂರು ಇತ್ತು. ಆ ಜನ ಸಾವಿನ ಬಗ್ಗೆ ಹಾಡುತ್ತಾರೆ, ಆದರೆ ವ್ಯಾಯಾಮದ ಬಟ್ಟೆ ತೊಟ್ಟು ನಗುನಗುತ್ತಾ ವೇದಿಕೆ ಹತ್ತುತ್ತಾರೆ. ಹಾಡಿದ್ದನ್ನು ಮನಸಾರೆ ನಂಬುವುದಿಲ್ಲ. ತಮ್ಮ ಸಂಗೀತವಾದರೋ ಸತ್ಯವಾಗಿರಬೇಕು. ‘ಸತ್ಯವಾದ ಬ್ಲ್ಯಾಕ್ ಮೆಟಲ್’ ಎಂಬುದು ಅವರ ಘೋಷಣೆಯಾಯಿತು.

ಮೇಲುನೋಟಕ್ಕೆ ಇದು ಕಲಾವಿದನ ಪ್ರಾಮಾಣಿಕತೆಯ ಮಾತಿನಂತೆ ಕೇಳುತ್ತದೆ. ಇಲ್ಲಿಯೇ ವಿಷವಿದ್ದದ್ದು. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷವನ್ನು ಕಟ್ಟುವ ಕಲಾವಿದ ರಾತ್ರಿಯೆಲ್ಲ ಆರ್ಭಟಿಸಿ, ಬೆಳಗಾದ ಮೇಲೆ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ. ಅವನು ನಿಜವಾದ ರಾಕ್ಷಸನಲ್ಲವಲ್ಲ ಎಂದು ಯಾವ ಪ್ರೇಕ್ಷಕನೂ ದೂರುವುದಿಲ್ಲ. ವೇಷ ಸುಳ್ಳಲ್ಲ, ಭಯವನ್ನು ರಸವಾಗಿಸುವ ಉಪಾಯ ಅದು. ಮುಖಕ್ಕೆ ಕಪ್ಪುಬಿಳುಪಿನ ಬಣ್ಣ ಬಳಿದುಕೊಂಡಿದ್ದ ಆ ನಾರ್ವೆಯ ತರುಣರು ಬಣ್ಣವನ್ನು ತೊಳೆಯಲು ಒಪ್ಪಲಿಲ್ಲ.

ಮೇಹೆಮ್ ತಂಡದ ಹಾಡುಗಾರ ಸ್ವೀಡನ್ನಿನವನು, ಪೆರ್ ಊಲಿನ್. ತನ್ನನ್ನು ‘ಡೆಡ್’ ಎಂದೇ ಕರೆದುಕೊಂಡಿದ್ದ. ಮನಸ್ಸಿನ ಬೇನೆ ಇದ್ದವನು. 1991ರ ಏಪ್ರಿಲ್ 8ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತನ್ನ ಜೀವವನ್ನು ತಾನೇ ತೆಗೆದುಕೊಂಡ. ಶವವನ್ನು ಮೊದಲು ಕಂಡ ಯೂರಾನಿಮಸ್ ಮಾಡಿದ್ದೇನೆಂದರೆ, ಕ್ಯಾಮೆರಾ ತಂದು ಚಿತ್ರ ತೆಗೆದದ್ದು. ತಂಡದ ಹಳೆಯ ಸದಸ್ಯನೊಬ್ಬ ಅಸಹ್ಯಪಟ್ಟು ಆಗಲೇ ಹೊರನಡೆದ. ಉಳಿದವರು ಉಳಿದರು. ಚಿಕಿತ್ಸೆಯೂ ಸ್ನೇಹವೂ ಬೇಕಾಗಿದ್ದ ಹುಡುಗನೊಬ್ಬನ ಸಾವು ತಂಡದ ಕೀರ್ತಿಗೆ ಒದಗಿದ ಸರಕಾಯಿತು. ನನ್ನ ದೃಷ್ಟಿಯಲ್ಲಿ ಗೆರೆ ದಾಟಿದ್ದು ಆ ದಿನವೇ. ಮುಂದಿನ ಬೆಂಕಿ, ಕೊಲೆಗಳೆಲ್ಲ ಅದರ ಹಿಂದೆ ಬಂದವು.

ಬೆರ್ಗೆನ್ ನಗರದ ಬಳಿಯ ಫಾಂಟಾಫ್ಟ್ ಇಗರ್ಜಿ ಹನ್ನೆರಡನೆಯ ಶತಮಾನದ್ದು. ಪೂರ್ತಿ ಮರದಿಂದ ಕಟ್ಟಿದ್ದು. ನಮ್ಮಲ್ಲಿ ಹೊಯ್ಸಳರು ಕಲ್ಲಿನಲ್ಲಿ ಕೆತ್ತುತ್ತಿದ್ದ ಕಾಲದಲ್ಲಿ ಅವರು ಮರದಲ್ಲಿ ಕೆತ್ತಿದರು. ಮೂಲತಃ ಬೇರೆಡೆ ಇದ್ದ ಅದನ್ನು 1883ರಲ್ಲಿ ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದರು. ಅಂತಹ ಮಧ್ಯಯುಗದ ಮರದ ಇಗರ್ಜಿಗಳು ಇಂದು ನಾರ್ವೆಯಲ್ಲಿ ಉಳಿದಿರುವುದು ಇಪ್ಪತ್ತೆಂಟು ಮಾತ್ರ. 1992ರ ಜೂನ್ 6ರ ಬೆಳಗಿನ ಜಾವ ಫಾಂಟಾಫ್ಟ್ ಉರಿದುಹೋಯಿತು. ಆ ವರ್ಷವೂ ಮುಂದಿನ ವರ್ಷಗಳಲ್ಲಿಯೂ ಇನ್ನೂ ಹಲವು ಇಗರ್ಜಿಗಳಿಗೆ ಬೆಂಕಿ ಬಿತ್ತು. ಅದೇ 1992ರ ಆಗಸ್ಟಿನಲ್ಲಿ ಲಿಲ್ಲೆಹಾಮರ್ ಎಂಬಲ್ಲಿ ಎಂಪರರ್ ಎಂಬ ತಂಡದ ಡ್ರಮ್ ವಾದಕ ಅಪರಿಚಿತನೊಬ್ಬನನ್ನು ಇರಿದು ಕೊಂದ.

ಬೆರ್ಗೆನ್ನಿನ ವಾರ್ಗ್ ವಿಕರ್ನೆಸ್ ಎಂಬವನು ಬುರ್ಝುಂ ಎಂಬ ಹೆಸರಿನಲ್ಲಿ ಒಬ್ಬನೇ ಎಲ್ಲ ವಾದ್ಯಗಳನ್ನೂ ನುಡಿಸಿ ಮುದ್ರಿಸುತ್ತಿದ್ದ. 1993ರಲ್ಲಿ ಅವನದೊಂದು ಧ್ವನಿಮುದ್ರಿಕೆ ಹೊರಬಂದಿತು. ಹೆಸರು ‘ಆಸ್ಕೆ’, ಎಂದರೆ ಬೂದಿ. ಹೊದಿಕೆಯ ಮೇಲೆ ಸುಟ್ಟು ನಿಂತ ಫಾಂಟಾಫ್ಟ್ ಇಗರ್ಜಿಯ ಚಿತ್ರ. ಮೊದಲ ಪ್ರತಿಗಳ ಜೊತೆ ಕೊಂಡವರಿಗೊಂದು ಸಿಗರೇಟು ಹಚ್ಚುವ ಲೈಟರ್ ಉಚಿತ. ಅದನ್ನು ಪ್ರಕಟಿಸಿದ್ದು ಯೂರಾನಿಮಸ್‌ನ ಸಂಸ್ಥೆ. ಅದೇ ವರ್ಷ ಆಗಸ್ಟ್ 10ರ ರಾತ್ರಿ, ವಿಕರ್ನೆಸ್ ಓಸ್ಲೋದ ಅವನ ಮನೆಗೆ ಬಂದು ಅವನನ್ನೇ ಇರಿದು ಕೊಂದ. 1994ರ ಮೇ ತಿಂಗಳಲ್ಲಿ ನ್ಯಾಯಾಲಯ ವಿಕರ್ನೆಸ್‌ಗೆ ಆ ದೇಶದ ಗರಿಷ್ಠ ಶಿಕ್ಷೆಯಾದ ಇಪ್ಪತ್ತೊಂದು ವರ್ಷಗಳ ಸೆರೆಮನೆಯನ್ನು ವಿಧಿಸಿತು. ಕೊಲೆಯ ಜೊತೆಗೆ ಕೆಲವು ಇಗರ್ಜಿಗಳನ್ನು ಸುಟ್ಟ ಅಪರಾಧವೂ ಸಿದ್ಧವಾಯಿತು. ಫಾಂಟಾಫ್ಟ್ ಬೆಂಕಿಯ ಆರೋಪ ಮಾತ್ರ ಸಾಬೀತಾಗಲಿಲ್ಲ. 2009ರಲ್ಲಿ ಅವನಿಗೆ ಬಿಡುಗಡೆಯಾಯಿತು. ಮುಂದೆ ಫ್ರಾನ್ಸಿನಲ್ಲಿ ನೆಲೆಸಿದ್ದಾಗ, 2014ರಲ್ಲಿ, ಜನಾಂಗದ್ವೇಷವನ್ನು ಪ್ರಚೋದಿಸಿದನೆಂದು ಅಲ್ಲಿಯ ನ್ಯಾಯಾಲಯವೂ ಅವನನ್ನು ತಪ್ಪಿತಸ್ಥನೆಂದಿತು.

ಕನ್ನಡ ಓದಿದವನಿಗೆ ಇಲ್ಲಿ ಜನ್ನನ ನೆನಪಾಗದೆ ಇರದು. 1209ರ ಯಶೋಧರಚರಿತೆಯಲ್ಲಿ ರಾಜ ಯಶೋಧರ ಜೀವಬಲಿಯನ್ನು ಒಲ್ಲೆನೆಂದು, ತಾಯಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಕಡಿದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ! ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಸಂಕಲ್ಪವಿತ್ತಲ್ಲ? ಅದಕ್ಕಾಗಿ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳಬೇಕಾಯಿತು. ಹಾಗಾದರೆ ರಕ್ತದ ಬಗ್ಗೆ ಹಾಡುವ ಪ್ರತಿಯೊಬ್ಬನೂ ಹಿಟ್ಟಿನ ಹುಂಜವನ್ನು ಕಡಿದವನೇ? ಅಮೆರಿಕದಲ್ಲಿ 1985ರಲ್ಲಿ ಸೆನೆಟ್ ಸಮಿತಿಯ ಮುಂದೆ ಹಾಡುಗಳ ಬಗ್ಗೆ ದೂರಿತ್ತ ಗಣ್ಯ ಮಹಿಳೆಯರು, ವೆನಮ್ ತಂಡದ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿದವರು, ಹೆಚ್ಚುಕಡಮೆ ಹಾಗೆಯೇ ವಾದಿಸಿದರು. ನಾನು ಒಪ್ಪಲಾರೆ. ಜನ್ನನೇ ತನ್ನ ಕಾವ್ಯದ ಆರಂಭದಲ್ಲಿ ಚಂಡಮಾರಿಯ ಗುಡಿಯನ್ನು ಎಷ್ಟು ಬೀಭತ್ಸವಾಗಿ ಚಿತ್ರಿಸಿದ್ದಾನೆಂಬುದನ್ನು ಓದಿದವರು ಬಲ್ಲರು. ಅಹಿಂಸೆಯ ಕವಿಗೂ ರಕ್ತದ ಬಣ್ಣ ಬೇಕಾಯಿತು. ವೆನಮ್ ತಂಡದವರಲ್ಲಿ, ಫ್ಲಾರಿಡಾದ ಹುಡುಗರಲ್ಲಿ ಸಂಕಲ್ಪವಿರಲಿಲ್ಲ, ವೇಷವಿತ್ತು, ಅಷ್ಟೆ. ಓಸ್ಲೋದವರು ವೇಷವನ್ನು ಹೀಗಳೆದು ಸಂಕಲ್ಪವನ್ನೇ ಬಯಸಿದರು.

ಇಷ್ಟಾದ ಮೇಲೆ ಉಳಿಯುವುದು ಧ್ವನಿಮುದ್ರಿಕೆಗಳು. ಮೇಹೆಮ್ ತಂಡದ ‘ಡೆ ಮಿಸ್ಟೀರಿಯಿಸ್ ಡೋಮ್ ಸಾ‌ಥನಾಸ್’ 1994ರ ಮೇ ತಿಂಗಳಲ್ಲಿ, ತೀರ್ಪು ಬಂದ ಕೆಲವೇ ದಿನಗಳಲ್ಲಿ ಹೊರಬಂದಿತು. ಮುದ್ರಣ ನಡೆದದ್ದು ಬೆರ್ಗೆನ್ನಿನಲ್ಲಿ, ನಾರ್ವೆಯ ಮಹಾ ಸಂಗೀತಗಾರ ಗ್ರೀಗ್‌ನ ಹೆಸರಿನ ಸಭಾಭವನದಲ್ಲಿ. ಸಾಹಿತ್ಯದ ಬಹುಭಾಗ ಸತ್ತ ‘ಡೆಡ್’ ಬರೆದದ್ದು. ಗಿಟಾರ್ ಕೊಲೆಯಾದವನದು. ಬಾಸ್ ಗಿಟಾರ್ ಕೊಲೆ ಮಾಡಿದವನದು. ಮಗನನ್ನು ಕಳೆದುಕೊಂಡ ಕುಟುಂಬದವರು ಆ ಬಾಸ್ ವಾದನವನ್ನು ತೆಗೆದುಹಾಕಬೇಕೆಂದು ಉಳಿದಿದ್ದ ಡ್ರಮ್ ವಾದಕನನ್ನು ಕೇಳಿಕೊಂಡರು. ಆಗಲೆಂದು ಹೇಳಿ, ಹಾಗೆಯೇ ಬಿಟ್ಟನೆಂದು ಅವನೇ ಮುಂದೆ ಹೇಳಿದ. ಕೊಂದವನೂ ಸತ್ತವನೂ ಒಂದೇ ಧ್ವನಿಮುದ್ರಿಕೆಯಲ್ಲಿರುವುದು ಅವನಿಗೆ ಉಚಿತವಾಗಿ ಕಂಡಿತಂತೆ.

ನನಗೆ ಅದು ಉಚಿತವಾಗಿ ಕಂಡಿಲ್ಲ. ತಾಯಿತಂದೆಯರ ಮಾತಿಗಿಂತ ದೊಡ್ಡದು ಅದರಲ್ಲೇನೂ ಇರಲಿಲ್ಲ. ಆದರೆ ಕೃತಿಯನ್ನು ಕೃತಿಯಾಗಿ ಕೇಳಿದಾಗ, ಇದು ಆ ದೇಶದ ಈ ಪ್ರಕಾರದ ಅತ್ಯುತ್ತಮ ರಚನೆ ಎಂಬ ಬಲ್ಲವರ ತೀರ್ಪನ್ನು ಅಲ್ಲಗಳೆಯಲು ನನ್ನಿಂದ ಸಾಧ್ಯವಾಗಲಿಲ್ಲ. ಡ್ರಮ್ಮಿನ ವೇಗದ ಮೇಲೆ ಗಿಟಾರ್ ನಿಧಾನವಾಗಿ ತೇಲುತ್ತದೆ. ತಂಬೂರಿಯ ಶ್ರುತಿಯಂತೆ ಮೊರೆಯುತ್ತದೆ. ಹಂಗೆರಿಯ ಹಾಡುಗಾರನ ಕಂಠ ಮಂತ್ರವಾದಿಯದೋ ರೋಗಿಯದೋ ತಿಳಿಯದು. ಕೃತಿ ಕೆಟ್ಟದಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು.

ಅದೇ 1994ರಲ್ಲಿ ಬಂದ ಡಾರ್ಕ್‌ಥ್ರೋನ್ ತಂಡದ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಮನೆಯಲ್ಲಿಯೇ, ಸಾಧಾರಣ ಸಲಕರಣೆಯಲ್ಲಿ ಮುದ್ರಿಸಿದ್ದು. ಒಂದೇ ಲಯ, ಬದಲಾಗದ ವೇಗ, ಮಂಜಿನಲ್ಲಿ ಮಸುಕಾದ ನಾದ. ಇದರ ಬಡತನವೇ ಇದರ ಸೌಂದರ್ಯ. ಅದರ ಹಿಂಬದಿಯಲ್ಲಿ ಜನಾಂಗದ ಹೆಮ್ಮೆಯ ಮಾತೊಂದು ಅಚ್ಚಾಗಿತ್ತು; ಮುಂದಿನ ಮುದ್ರಣಗಳಲ್ಲಿ ಅದನ್ನು ಕೈಬಿಟ್ಟರು, ಆ ಕಾಲದಲ್ಲಿ ಆಡಿದ ಮಾತಿಗೆ ತಂಡದವರು ಕ್ಷಮೆಯನ್ನೂ ಕೇಳಿದರು. ಆ ಗುಂಪಿನ ಎಲ್ಲರೂ ಬೆಂಕಿ ಹಚ್ಚಿದವರಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಉಲ್ವೆರ್ ಎಂಬ ತಂಡ 1995ರಲ್ಲಿ ‘ಬೆರ್ಗ್‌ಟಾಟ್’ ಎಂಬ ಕೃತಿಯಲ್ಲಿ, ಬೆಟ್ಟದ ಭೂತಗಳು ಕನ್ಯೆಯೊಬ್ಬಳನ್ನು ಸೆಳೆದೊಯ್ಯುವ ಜನಪದ ಕತೆಯನ್ನು ಹಳೆಯ ಡೇನಿಷ್-ನಾರ್ವೇಜಿಯನ್ ಭಾಷೆಯಲ್ಲಿ ಹಾಡಿತು. ಭಯಾನಕಕ್ಕೆ ಸೈತಾನನೂ ಬೇಡ, ಬೆಂಕಿಯೂ ಬೇಡ, ಅಜ್ಜಿಯ ಕತೆಯೇ ಸಾಕು ಎಂಬುದಕ್ಕೆ ಅದು ನಿದರ್ಶನ; ನನಗೆ ಎಲ್ಲಕ್ಕಿಂತ ಪ್ರಿಯವಾದದ್ದೂ ಅದೇ. 2014ರಲ್ಲಿ ನಾರ್ವೆಯ ಸಂವಿಧಾನಕ್ಕೆ ಇನ್ನೂರು ವರ್ಷ ತುಂಬಿದ ಸಂದರ್ಭಕ್ಕಾಗಿ ಸಂಗೀತ ರಚಿಸಿದವರಲ್ಲಿ ಎನ್‌ಸ್ಲೇವ್ಡ್ ಎಂಬ ತಂಡದ ಗಿಟಾರ್ ವಾದಕನೂ ಇದ್ದ. ಇಪ್ಪತ್ತು ವರ್ಷಗಳ ಹಿಂದೆ ಅವರ ನೆರಳನ್ನು ಕಂಡರೂ ಪೋಲೀಸರು ಅನುಮಾನಪಡುತ್ತಿದ್ದ ಗುಂಪಿನವನು.

ಈ ಸಂಗೀತಕ್ಕೆ ಬೆಂಗಳೂರೂ ಹೊರತಲ್ಲ. ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು, ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ನುಡಿಸಿದವು. ಬೆಂಗಳೂರಿನಲ್ಲಿಯೇ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ಬಂದಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೇ ಈ ಸಂಗೀತದ ಭಕ್ತರಿದ್ದಾರೆ. ಪಂಪನನ್ನೂ ಚೆನ್ನಾಗಿ ಓದಿಕೊಂಡವರು. ಕಪ್ಪು ಅಂಗಿಯನ್ನು ಕಂಡು ಗಾಬರಿಯಾಗುವ ತಂದೆತಾಯಿಗಳಿಗೆ ನಾನು ಹೇಳುವುದಿಷ್ಟೆ: ಹುಡುಗ ಕೇಳುತ್ತಿರುವುದು ಯಾವ ಧ್ವನಿಮುದ್ರಿಕೆ ಎಂದು ಮೊದಲು ಕೇಳಿ, ಸಾಧ್ಯವಾದರೆ ಅವನ ಜೊತೆಗೇ ಕುಳಿತು ಕೇಳಿ.

ಬ್ಲ್ಯಾಕ್ ಸಬಾತ್ ತಂಡದ ಮೂಲ ನಾಲ್ವರು 2025ರ ಜುಲೈ 5ರಂದು ತಮ್ಮ ಬರ್ಮಿಂಗ್‌ಹ್ಯಾಮಿನಲ್ಲಿಯೇ ಕೊನೆಯ ಬಾರಿ ನುಡಿಸಿದರು. ಪಾರ್ಕಿನ್ಸನ್ ಬೇನೆಯಿಂದ ನಿಲ್ಲಲಾರದ ಓಜಿ ಆಸ್ಬರ್ನ್ ಸಿಂಹಾಸನದಂತಹ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಹದಿನೇಳು ದಿನಗಳ ಬಳಿಕ, ಜುಲೈ 22ರಂದು ತೀರಿಕೊಂಡರು. ಆ ಕಛೇರಿಯ ಆದಾಯ ಸಂದದ್ದು ಪಾರ್ಕಿನ್ಸನ್ ರೋಗದ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಮಕ್ಕಳ ಶುಶ್ರೂಷಾಲಯಕ್ಕೆ.

ಕುತೂಹಲವುಳ್ಳವರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ‘ಮಾಸ್ಟರ್ ಆಫ್ ರಿಯಾಲಿಟಿ’ಯಿಂದ ಎನ್ನುತ್ತೇನೆ. ಬಳಿಕ ‘ಹ್ಯೂಮನ್’. ಆಮೇಲೆ, ಮಳೆ ಹಿಡಿದ ಒಂದು ಸಂಜೆ ‘ಬೆರ್ಗ್‌ಟಾಟ್’. ಮೇಹೆಮ್ ಕೃತಿಯನ್ನು ಕಡೆಗಿಡಿ. ಕೇಳುವಾಗ ಕಿವಿಯನ್ನು ಗಿಟಾರಿನಿಂದ ತುಸು ಕೆಳಕ್ಕೆ ಇಳಿಸಿದರೆ, ತೆಗೆದುಹಾಕಿರೆಂದು ಆ ಕುಟುಂಬ ಬೇಡಿಕೊಂಡ ಬಾಸ್ ವಾದನ ತಗ್ಗಿದ ದನಿಯಲ್ಲಿ ಕೇಳಿಸುತ್ತದೆ.